ಗಟ್ಟಿಯಾಗಿರು ಎಂದು ಬರೆದ ಕಾಗದ



ಕಳೆದ ತಿಂಗಳು ಒಂದು ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬನು ಮಗಳೊಡನೆ ಬಂದನು. ಅವನ ಹೆಸರು ಇಲ್ಲಿ ಬೇಡ. 1994ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನಿಮ್ಮಲ್ಲಿ ಕೆಲವರಿಗೆ ಯಾರೆಂದು ಹೊಳೆಯಬಹುದು. ಹೊಳೆದರೆ ತಮ್ಮಲ್ಲಿಯೇ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಇದನ್ನು ಬರೆಯಲು ಅವನ ಒಪ್ಪಿಗೆಯನ್ನು ಪಡೆದಿದ್ದೇನೆ.

ಅವನೀಗ ಪಂಪ್‌ಸೆಟ್ ರಿಪೇರಿ, ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಮಗಳಿಗೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ದೊರೆತ ಸಂತೋಷಕ್ಕೆ ಅರ್ಧ ಸೇರು ಪೇಡ ತಂದಿದ್ದನು. ಹುಡುಗಿ ನನ್ನ ಮನೆಯಾಕೆಯೊಡನೆ ಒಳಗೆ ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ ಹೇಳಿದನು: "ಮೇಷ್ಟ್ರೇ, ಅವತ್ತು ನೀವು ನನಗೆ ಬರೆದ ಕಾಗದ ಇನ್ನೂ ಇಟ್ಕೊಂಡಿದೀನಿ. ಅದು ಬಂದ ಮೇಲೆ ನಾನು ಇನ್ಯಾರಿಗೂ ಬರೀಲಿಲ್ಲ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

1996ರಲ್ಲಿ ಸಿ.ಇ.ಟಿ. ಬರೆದು ಇಂಜಿನಿಯರಿಂಗ್ ಸೇರಿದ ಹುಡುಗ ಅವನು. ಅವನ ಮನೆತನದಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ. ಊರಿನಿಂದ ಅವನನ್ನು ಬಸ್ಸು ಹತ್ತಿಸಿದವರಲ್ಲಿ ನಾನೂ ಒಬ್ಬ. ಎರಡು ತಿಂಗಳಾದ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಪಾಠದ ವೇಗ ಹಿಡಿಯಲಾಗುತ್ತಿಲ್ಲ ಎಂದು ಬರೆದಿದ್ದನು. ತರಗತಿಯಲ್ಲಿ ಎಲ್ಲರೂ ನಗುವಾಗ ತಾನೂ ನಗುತ್ತೇನೆ, ಏತಕ್ಕೆಂದು ಮಾತ್ರ ತಿಳಿಯುವುದಿಲ್ಲ ಎಂದು ಬರೆದಿದ್ದನು. ಕೊನೆಯ ಮಡಿಕೆಯಲ್ಲಿ, ಜಾಗ ಸಾಲದೆ ಚಿಕ್ಕ ಅಕ್ಷರದಲ್ಲಿ, ಇನ್ನೊಂದು ಸಾಲಿತ್ತು: ಊಟದ ಹಾಲ್‌ನಲ್ಲಿ ತಾನು ಕುಳಿತರೆ ಪಕ್ಕದವರು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗುತ್ತಾರೆ, ಆದ್ದರಿಂದ ತಾನು ಎಲ್ಲರದೂ ಮುಗಿದ ಮೇಲೆ ಹೋಗುತ್ತೇನೆ.

ಅವನು ಯಾವ ಕೇರಿಯಿಂದ ಬಂದವನೆಂಬುದು ನನಗೆ ಗೊತ್ತಿತ್ತು. ಆದರೂ ಆ ಸಾಲನ್ನು ನಾನು ಓದಿ ದಾಟಿಬಿಟ್ಟೆ. ಮರುದಿನವೇ ಎರಡು ಪುಟಗಳ ಉತ್ತರ ಬರೆದೆ. ಮನಸ್ಸನ್ನು ಗಟ್ಟಿ ಮಾಡಿಕೊ, ಕಷ್ಟವೇ ಮನುಷ್ಯನನ್ನು ರೂಪಿಸುತ್ತದೆ, ನಾವೆಲ್ಲ ವಾರಾನ್ನ ಉಂಡು ಓದಲಿಲ್ಲವೇ, ಇತ್ಯಾದಿ. ವ್ಯಾಕರಣದೋಷವೊಂದೂ ಇಲ್ಲದ ಪತ್ರ. ಎರಡನೆಯ ಸೆಮಿಸ್ಟರ್‌ಗೆ ಮೊದಲೇ ಅವನು ಟ್ರಂಕು ಹೊತ್ತುಕೊಂಡು ಊರಿಗೆ ಹಿಂದಿರುಗಿದನು. "ಓದು ಹತ್ತಲಿಲ್ಲ" ಎಂದು ಊರು ತೀರ್ಮಾನಿಸಿತು. ನಾನೂ ಹಾಗೆಯೇ ತಿಳಿದಿದ್ದೆ.

ವಿದ್ಯಾರ್ಥಿಗಳ ಮನಃಸ್ಥೈರ್ಯದ ಬಗ್ಗೆ ಇಂದು ಬಹಳ ಮಾತು ಕೇಳಿಬರುತ್ತಿದೆ. ಈಗಿನ ಮಕ್ಕಳಿಗೆ ಗಟ್ಟಿತನವಿಲ್ಲ, ನಮ್ಮ ಕಾಲದವರು ಹೀಗಿರಲಿಲ್ಲ ಎಂಬ ಮಾತನ್ನು ಮದುವೆಮನೆಗಳ ಊಟದ ಸಾಲಿನಲ್ಲಿ ನನ್ನ ವಯಸ್ಸಿನವರಿಂದ ಎಷ್ಟೋ ಸಲ ಕೇಳಿದ್ದೇನೆ, ನಾನೂ ಆಡಿದ್ದೇನೆ. ಆ ಮಾತು ತಪ್ಪೆಂದು ಈಗ ನನ್ನ ದೃಢವಾದ ಅಭಿಪ್ರಾಯ. ಗಟ್ಟಿತನವೆಂಬುದು ಹುಡುಗನ ಎದೆಯೊಳಗೆ ಹುಟ್ಟಿನಿಂದ ಇರುವ ಅಥವಾ ಇಲ್ಲದಿರುವ ಪದಾರ್ಥವಲ್ಲ. ಅದರ ಬಹುಪಾಲನ್ನು ಸುತ್ತಲಿನವರೇ ಕೊಟ್ಟಿರುತ್ತಾರೆ.

ವಾರಾನ್ನದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಿರಿಯರಿಗೆ ಈ ಪದ ತಿಳಿಯದೇ ಇರಬಹುದು. ಬಡ ವಿದ್ಯಾರ್ಥಿಯು ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಪದ್ಧತಿ ಅದು. 1960ರ ದಶಕದಲ್ಲಿ ಮೈಸೂರಿನಲ್ಲಿ ನಾನು ಓದಿದ್ದು ಹಾಗೆ. ಅವಮಾನಗಳಿದ್ದವು, ಇಲ್ಲವೆನ್ನಲಾರೆ. ಗುರುವಾರದ ಮನೆಯಲ್ಲಿ ಎರಡನೆಯ ಸಲ ಸಾರು ಕೇಳುವಂತಿರಲಿಲ್ಲ. ಆದರೆ ಮಂಗಳವಾರದ ಮನೆ ಕೃಷ್ಣಮೂರ್ತಿಪುರಂನಲ್ಲಿತ್ತು. ಆ ಮನೆಯ ಅಮ್ಮನವರು ಬಡಿಸುತ್ತಾ, "ಯಾಕಪ್ಪಾ, ಮುಖ ಬಾಡಿದೆ?" ಎಂದು ಕೇಳುತ್ತಿದ್ದರು. ಒಂದು ವಾರ ಜ್ವರದಿಂದ ಹೋಗದಿದ್ದಾಗ ಮಗನನ್ನು ನನ್ನ ಕೊಠಡಿಗೆ ಅಟ್ಟಿದ್ದರು. ನನ್ನ ಬಗ್ಗೆ ನಾನು ಕೊಚ್ಚಿಕೊಳ್ಳುತ್ತಿದ್ದ ಸ್ಥೈರ್ಯವು ವಾಸ್ತವದಲ್ಲಿ ಏಳು ಅಡುಗೆಮನೆಗಳಿಂದ ಬಂದದ್ದು. ಇನ್ನೂ ಒಂದು ಮಾತನ್ನು ಬರೆಯಲೇಬೇಕು. ಆ ಏಳು ಬಾಗಿಲುಗಳು ತೆರೆದದ್ದು ನನ್ನ ಜಾತಿಗೆ. ನಾನು ಯಾರಿಗೆ ವಾರಾನ್ನದ ಉಪದೇಶ ಮಾಡಿದೆನೋ, ಆ ಹುಡುಗನ ತಂದೆ ಅಂದು ಮೈಸೂರಿಗೆ ಓದಲು ಬಂದಿದ್ದರೆ ಅವುಗಳಲ್ಲಿ ಎಷ್ಟು ತೆರೆಯುತ್ತಿದ್ದವು? ತುಮಕೂರಿನ ಸಿದ್ಧಗಂಗೆಯಂತಹ ಕಡೆ ಎಲ್ಲ ಜಾತಿಯ ಮಕ್ಕಳಿಗೂ ಅನ್ನ, ಆಶ್ರಯ ದೊರೆಯುತ್ತಿದ್ದುದು ನಮ್ಮ ನಾಡಿನ ಪುಣ್ಯ. ಆದರೆ ಅಂತಹ ಸ್ಥಳಗಳು ಎಷ್ಟಿದ್ದವು?

ನನ್ನ ಈ ಅನುಭವಕ್ಕೆ ವಿದ್ವಾಂಸರ ಬೆಂಬಲವೂ ಇದೆ. ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಜನಿಸಿದ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆಯ ಕಲಹ ಮೊದಲಾದ ಹಲವು ತೊಡಕುಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಚೆನ್ನಾಗಿಯೇ ಬಾಳಿದರು. ಹುಟ್ಟುಗುಣದ ಪಾಲೂ ಅದರಲ್ಲಿತ್ತು. ಆದರೆ ಅವರ ಬಾಲ್ಯದಲ್ಲಿ ಎದ್ದು ಕಂಡ ಸಂಗತಿಯೆಂದರೆ, ಅಜ್ಜಿಯೋ, ನೆರೆಯವರೋ, ಒಬ್ಬ ಉಪಾಧ್ಯಾಯರೋ, ಅವರನ್ನು ಬಿಡದೆ ವಿಚಾರಿಸಿಕೊಳ್ಳುವ ಒಬ್ಬ ಹಿರಿಯರಾದರೂ ಇದ್ದುದು.

ನನ್ನ ತಂಗಿಯ ಮಗಳ ಸಂಗತಿ ಬಂಧುಗಳಿಗೆ ತಿಳಿದಿದೆ. ಧಾರವಾಡದಲ್ಲಿ ಓದುವಾಗ ಮೊದಲ ವರ್ಷ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾಗಿ, ತನ್ನ ಹಳೇ ಮೈಸೂರಿನ ಕನ್ನಡವನ್ನು ಕೇಳಿ ನಗುವವರ ನಡುವೆ ಬಾಯಿಬಿಡದೆ ಕೊಠಡಿ ಸೇರಿದ್ದಳು. ಬೀದರ್ ಕಡೆಯ ಹಿರಿಯ ವಿದ್ಯಾರ್ಥಿನಿಯೊಬ್ಬಳು ಪ್ರತಿ ರಾತ್ರಿ ಬಾಗಿಲು ತಟ್ಟಿ "ಊಟಕ್ಕ ನಡಿ" ಎನ್ನುತ್ತಿದ್ದಳಂತೆ. ಆಕೆ ಬೇರೆ ಏನನ್ನೂ ಹೇಳಿದ್ದು ಇವಳಿಗೆ ನೆನಪಿಲ್ಲ. ಆ ಎರಡು ವಿಷಯಗಳೂ ಮುಂದಿನ ವರ್ಷ ಪಾಸಾದವು.

ಸರಕಾರವೂ ನ್ಯಾಯಾಲಯಗಳೂ ಸುಮ್ಮನೆ ಕುಳಿತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತೆಗೆದುಕೊಂಡರು. ಆ ಸಂಖ್ಯೆಯನ್ನು ಬರೆಯುವಾಗ ಕೈ ನಡುಗುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದಯವಿಟ್ಟು ಬರೆದಿಟ್ಟುಕೊಳ್ಳಿ. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಆಪ್ತಸಲಹೆಗಾರರೊಬ್ಬರನ್ನಾದರೂ ನೇಮಿಸಬೇಕೆಂದು ಸೂಚಿಸಿತು. ಇವೆಲ್ಲ ಬೇಕು. ಆದರೆ ನಗುವಿನ ಕಾರಣ ತಿಳಿಯದೆ ನಗುತ್ತಿದ್ದ ಹುಡುಗ ತಾನಾಗಿ ಎದ್ದು ಆ ಕೊಠಡಿಯ ಬಾಗಿಲು ತಟ್ಟುವನೇ? ತನ್ನ ಪಕ್ಕದಿಂದ ತಟ್ಟೆ ಎತ್ತಿಕೊಂಡು ಹೋದವರನ್ನು ಬಿಟ್ಟು, ಅವನ ಮನಸ್ಸಿಗೆ ಮಾತ್ರ ಚಿಕಿತ್ಸೆ ನೀಡುವುದು ನ್ಯಾಯವೇ? ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನನ್ನ ಶಿಷ್ಯರು ಈ ಪ್ರಶ್ನೆಯನ್ನು ತಮ್ಮ ಸಿಬ್ಬಂದಿ ಸಭೆಯಲ್ಲಿ ಎತ್ತಬೇಕೆಂದು ನನ್ನ ಆಗ್ರಹ. ವೃತ್ತಿ ಕಾಲೇಜುಗಳಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮಕ್ಕಳಿಗೆ ಮೀಸಲಾತಿಯಿದೆ. ಸೀಟು ಕೊಟ್ಟ ಮೇಲೆ ಪಂಕ್ತಿಯಲ್ಲಿ ಜಾಗ ಕೊಡುವವರು ಯಾರು?

ಮಕ್ಕಳನ್ನು ದೂರದ ಊರಿಗೆ ಕಳುಹಿಸಿರುವ ತಂದೆತಾಯಂದಿರು ಫೋನಿನಲ್ಲಿ "ಎಷ್ಟು ಮಾರ್ಕ್ಸ್ ಬಂತು?" ಎಂದು ಮೊದಲು ಕೇಳುವುದನ್ನು ಬಿಡಿರಿ. "ಇವತ್ತು ಊಟಕ್ಕೆ ಯಾರ ಜೊತೆ ಕೂತೆ?" ಎಂದು ಕೇಳಿರಿ. ಒಂದು ವಾರವಾದರೂ ಅದಕ್ಕೆ ಒಂದು ಹೆಸರು ಬಾರದಿದ್ದರೆ ಉಪದೇಶ ಮಾಡಬೇಡಿರಿ, ಹೋಗಿ ನೋಡಿರಿ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಅಂದು ಹೊರಡುವಾಗ ನನ್ನ ಶಿಷ್ಯನು ಮೆಟ್ಟಿಲ ಬಳಿ ನಿಂತು, "ಇವಳೇನಾದ್ರೂ ನಿಮಗೆ ಬರೆದ್ರೆ ಉತ್ತರ ಬರೀಬೇಡಿ ಮೇಷ್ಟ್ರೇ, ಬಸ್ಸು ಹತ್ತಿ ಹೋಗಿ ನೋಡ್ಕೊಂಡು ಬನ್ನಿ" ಎಂದನು. ಆಗಲೆಂದು ಮಾತು ಕೊಟ್ಟಿದ್ದೇನೆ. ಆದರೆ ಎಪ್ಪತ್ತೆಂಟರ ಮೊಣಕಾಲು ತಿಂಗಳಿಗೊಂದು ಸಲಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಹುಡುಗಿ ಹಾಸ್ಟೆಲಿನಲ್ಲಿದ್ದಾಳೆ, ಭಾನುವಾರ ರಜೆ. ಮೈಸೂರಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಹನ್ನೆರಡು ಮಂದಿಯಾದರೂ ಇದ್ದೀರಿ. ತಿಂಗಳಿಗೊಂದು ಭಾನುವಾರದ ಊಟವನ್ನು ವಹಿಸಿಕೊಳ್ಳಬಲ್ಲವರು ಮೂವರು ಸಿಕ್ಕರೆ ಸಾಕು, ನಾಲ್ಕನೆಯದು ನನ್ನದು. ಮನೆಯಲ್ಲಿ ಕೇಳಿಕೊಂಡು ಈ ವಾರದೊಳಗೆ ನನಗೆ ಫೋನ್ ಮಾಡಿರಿ.