ಹೆಚ್ಚು ಕೊಟ್ಟರೂ ನಿಧಾನ!

"ಸಾರ್, ಹೊಸ ಕಂಪ್ಯೂಟರೇ ಕೊಡಿಸಬೇಕಾ?" ಸಹಕಾರನಗರದ ನಮ್ಮ ರಸ್ತೆಯ ತಂದೆಯೊಬ್ಬರು ಕೇಳಿದರು. ಕೈಯಲ್ಲಿ ಅರವತ್ತು ಸಾವಿರದ ಕೊಟೇಶನ್. ಮಗನದು ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟಿಗೆಂದು ಎರಡು ಕೋಟಿ ಕಾಲ್ಪನಿಕ ಪಹಣಿಗಳ ಡೇಟಾಬೇಸ್ ಕಟ್ಟಿದ್ದಾನೆ. (ಕರ್ನಾಟಕದ 'ಭೂಮಿ' ಯೋಜನೆ ಗಣಕಕ್ಕೆ ಏರಿಸಿದ್ದೂ ಸುಮಾರು ಅಷ್ಟೇ ಪಹಣಿ.) ಶುರುವಿನ ಹತ್ತು ನಿಮಿಷ ಚುರುಕು, ಆಮೇಲೆ ಒಬ್ಬ ರೈತನ ಹೆಸರು ಹುಡುಕಲು ಅರ್ಧ ನಿಮಿಷ. ಒಪ್ಪಿಸಲು ಉಳಿದದ್ದು ನಾಲ್ಕೇ ದಿನ. ಹುಡುಗ ಕ್ವೆರಿಗಳನ್ನು ತಿದ್ದಿ ತಿದ್ದಿ ಸುಸ್ತಾಗಿದ್ದ.

ಹೆಬ್ಬಾಳ ಮೇಲ್ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿ ನಿಂತಾಗ ನಮ್ಮ ಸ್ಕೂಟರಿನ ಎಂಜಿನ್ ಬಿಚ್ಚುತ್ತೇವೆಯೇ? ಡೇಟಾಬೇಸಿಗೆ ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಹಂಚಿಕೊಡುವುದು ಆಪರೇಟಿಂಗ್ ಸಿಸ್ಟಮ್. ಎಲ್ಲಿ ಸಾಲು ನಿಂತಿದೆ ಎಂಬ ಲೆಕ್ಕವೂ ಅದರ ಬಳಿಯೇ ಇರುತ್ತದೆ, ಕೇಳಬೇಕಷ್ಟೆ.

ಅವನದು ಲಿನಕ್ಸ್. 'ವಿಎಂಸ್ಟ್ಯಾಟ್ 5' ಎಂದು ಟೈಪ್ ಮಾಡಿಸಿದೆ. ಐದು ಸೆಕೆಂಡಿಗೊಂದು ಸಾಲು ಅಂಕಿಗಳು ಮೂಡುತ್ತವೆ. ಮೊದಲ ಸಾಲನ್ನು ಬಿಟ್ಟುಬಿಡಿ. ಅದು ಯಂತ್ರ ಚಾಲೂ ಆದಾಗಿನಿಂದ ಈವರೆಗಿನ ಸರಾಸರಿ. ಅದನ್ನು ನಂಬಿ ನಾನೂ ಒಮ್ಮೆ ಮೋಸಹೋಗಿದ್ದೇನೆ. ಉಳಿದ ಸಾಲುಗಳಲ್ಲಿ ಪ್ರೊಸೆಸರ್ ಬಹುಪಾಲು ಹೊತ್ತು ಡಿಸ್ಕಿಗಾಗಿ ಕಾದು ಕುಳಿತಿತ್ತು. 'ಎಸ್‌ಐ', 'ಎಸ್‌ಓ' ಅಂಕಣಗಳು ಸೊನ್ನೆಗೆ ಇಳಿಯುತ್ತಲೇ ಇರಲಿಲ್ಲ. ರೋಗ ಸಿಕ್ಕಿತು: ಸ್ವಾಪಿಂಗ್. ಮೆಮೊರಿ ಸಾಲದಾದಾಗ ಆಪರೇಟಿಂಗ್ ಸಿಸ್ಟಮ್ ಅದರ ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ.

ಮೆಮೊರಿಯಿಂದ ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ ಸುಮಾರು 10 ಮಿಲಿಸೆಕೆಂಡ್ ಬೇಕು. ಲಕ್ಷ ಪಟ್ಟು! ಮೆಮೊರಿಯ ಕೆಲಸಕ್ಕೆ ಒಂದು ಸೆಕೆಂಡ್ ಎಂದುಕೊಂಡರೆ, ಡಿಸ್ಕಿನ ಕೆಲಸ ಒಂದು ದಿನವನ್ನೂ ಮೀರುತ್ತದೆ.

ಮೆಮೊರಿ ಸಾಲದೇ ಹೋದದ್ದೇಕೆ? ಯಂತ್ರದಲ್ಲಿದ್ದದ್ದು 4 ಗಿಗಾಬೈಟ್. ದತ್ತಾಂಶವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ 'ಬಫರ್ ಪೂಲ್'ಗೆ ಮೈಎಸ್‌ಕ್ಯೂಎಲ್ ತಾನಾಗಿ ಮೀಸಲಿಡುವುದು 128 ಮೆಗಾಬೈಟ್. ಹೆಚ್ಚು ಕೊಟ್ಟಷ್ಟೂ ವೇಗ ಎಂದು ಎಲ್ಲೋ ಓದಿದ ಹುಡುಗ 3 ಗಿಗಾಬೈಟ್ ಬರೆದಿದ್ದ. ಡೇಟಾಬೇಸಿಗೇ ಮೀಸಲಾದ ಸರ್ವರಿಗೆ ಆ ಮಾತು ಒಪ್ಪುತ್ತದೆ. ಇಲ್ಲಿ ಬ್ರೌಸರು, ಜಾವಾ, ಎಲ್ಲಕ್ಕೂ ಅದೇ ಮೆಮೊರಿ. ಪೂಲ್ ತುಂಬುವವರೆಗೆ ಆರಾಮ, ತುಂಬಿದ ಮೇಲೆ ಎಳೆದಾಟ.

"ಅಂಕಲ್, ಕಮ್ಮಿ ಮಾಡಿದ್ರೆ ಫಾಸ್ಟ್ ಆಗತ್ತಾ?" ಎಂದು ಅನುಮಾನಿಸುತ್ತಲೇ 1 ಗಿಗಾಬೈಟಿಗೆ ಇಳಿಸಿದ. ಎರಡೂ ಅಂಕಣಗಳಲ್ಲಿ ಸೊನ್ನೆ ನಿಂತಿತು. ಹೆಸರು ತಟ್ಟನೆ ಸಿಕ್ಕಿತು. ಒಂದು ವರದಿ ಮಾತ್ರ ಇನ್ನೂ ತೆವಳುತ್ತಿತ್ತು. ಈಗ ಏರಿದ್ದು ಡಿಸ್ಕಿನಿಂದ ಓದಿದ್ದನ್ನು ತೋರಿಸುವ 'ಬಿಐ' ಅಂಕಣ. ಇಂಡೆಕ್ಸ್ ಇಲ್ಲದೆ ಎರಡು ಕೋಟಿ ಸಾಲನ್ನೂ ತಡಕುತ್ತಿತ್ತು. ಇದು ನಿಜಕ್ಕೂ ಅವನ ಕ್ವೆರಿಯದೇ ತಕರಾರು. ಅದನ್ನು ಅವನಿಗೇ ಬಿಟ್ಟು ಎದ್ದೆ. ತಂದೆಯವರು ಕೊಟೇಶನ್ನನ್ನು ಮಡಿಸಿ ಜೇಬಿಗಿಟ್ಟರು.