ಹೊಡೆಯುವವನು ನಮ್ಮ ಸಭೆಗೆ ಬರುವುದಿಲ್ಲ



ಹೆಣ್ಣಿಗೆ ಅರಿವು ಮೂಡಿಸಬೇಕು, ಹೆಣ್ಣನ್ನು ಸಬಲೆಯಾಗಿಸಬೇಕು ಎಂಬ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಅಧಿಕಾರಿಗಳು ಬಂದು ಹೇಳುತ್ತಾರೆ. ಬ್ಯಾಂಕಿನವರು ಬಂದು ಹೇಳುತ್ತಾರೆ. ಮಾರ್ಚ್ 8ರಂದು ವೇದಿಕೆ ಹತ್ತುವವರೆಲ್ಲರೂ ಹೇಳುತ್ತಾರೆ. ಆದರೆ ಹೊಡೆಯುವುದು ತಪ್ಪು ಎಂದು ಹೊಡೆತ ತಿಂದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಅವಳ ಮೈಗೇ ಗೊತ್ತು. ತಿಳಿದುಕೊಳ್ಳಬೇಕಾದವನು ಬೇರೆ. ಅವನು ನಮ್ಮ ಸಭೆಗೆ ಬರುವುದಿಲ್ಲ. ಅವನನ್ನು ಯಾರೂ ಕರೆಯುವುದೂ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸಂಘಗಳಲ್ಲಿ ಕೆಲಸ ಮಾಡುತ್ತ ತಿರುಗುವ ನನಗೆ ಪ್ರತಿ ಸಭೆಯಲ್ಲೂ ಕಾಡುವ ಪ್ರಶ್ನೆ ಇದು: ಇಲ್ಲಿ ಕೂತಿರುವ ತಾಯಂದಿರ ಗಂಡುಮಕ್ಕಳು ಎಲ್ಲಿ? ಹದಿಹರೆಯದ ಹುಡುಗಿಯರಿಗೆ ಕಿಶೋರಿ ಕಾರ್ಯಕ್ರಮಗಳು ಒಂದಾದ ಮೇಲೊಂದು ಬಂದವು. ಕಬ್ಬಿಣದ ಮಾತ್ರೆ ಕೊಟ್ಟರು, ಕಾನೂನು ಹೇಳಿದರು, ಎಚ್ಚರಿಕೆಯಿಂದಿರಿ ಎಂದರು. ಹುಡುಗರಿಗೆ ಏನು ಕೊಟ್ಟರು? ಕ್ರಿಕೆಟ್ ಬ್ಯಾಟು ಕೊಟ್ಟರು. ಚುನಾವಣೆ ಬಂದಾಗ ಬಾವುಟ ಕೊಟ್ಟರು, ಬೈಕಿಗೆ ಪೆಟ್ರೋಲು ಹಾಕಿಸಿದರು. ಹೆಂಡತಿಯ ಜೊತೆ ಹೇಗೆ ಬಾಳಬೇಕು ಎಂದು ಅವರ ಜೊತೆ ಕೂತು ಮಾತಾಡಿದವರು ಯಾರು?

ಅಂಕಿ ಅಂಶ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ನೂರಕ್ಕೆ 20.6. 2019-20ರ ಸಮೀಕ್ಷೆಯಲ್ಲಿ ಅದು 44.4 ಆಯಿತು. ಆ ಸುತ್ತಿನಲ್ಲಿ ದೇಶದ ಸರಾಸರಿ 29.3. ಈ ಪಟ್ಟಿಯಲ್ಲಿ ನಮ್ಮ ರಾಜ್ಯವೇ ಎಲ್ಲಕ್ಕಿಂತ ಮೇಲೆ. ಹಿಂದೆ ಬಾಯಿ ಮುಚ್ಚಿಕೊಂಡಿದ್ದವರು ಈಗ ಬಾಯಿ ಬಿಟ್ಟಿರಬಹುದು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹಾಗೇ ಇರಲಿ. ಬಾಯಿ ಬಿಟ್ಟವರ ಲೆಕ್ಕವನ್ನೇ ಹಿಡಿದರೂ ಇಪ್ಪತ್ತು ಜನರ ಒಂದು ಸಂಘದಲ್ಲಿ ಎಂಟು ಒಂಬತ್ತು ಜನ ಎಂದಾಯಿತು. ಇಷ್ಟು ಹೆಂಗಸರನ್ನು ಹೊಡೆದವರು ಆಕಾಶದಿಂದ ಇಳಿದವರಲ್ಲ. ಅವರು ನಮ್ಮ ಮನೆಗಳಲ್ಲೇ ಬೆಳೆದ ಹುಡುಗರು.

ಎಲ್ಲದಕ್ಕೂ ಕುಡಿತವೇ ಕಾರಣ ಎನ್ನುವ ಮಾತು ನಮ್ಮ ಸಂಘಗಳಲ್ಲೇ ಹೆಚ್ಚು ಕೇಳಿಬರುತ್ತದೆ. ಕುಡಿತದ ವಿರುದ್ಧ ಹೆಂಗಸರು ವರ್ಷಗಟ್ಟಲೆ ಹೋರಾಡಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಹೊಡೆತ ನಿಂತಿತೆ? ಮೇಲಿನ ಎರಡೂ ಸಮೀಕ್ಷೆಗಳು ಸಾರಾಯಿ ನಿಂತ ಮೇಲೆ ನಡೆದವು. ಕುಡಿದವನು ದಾರಿಯಲ್ಲಿ ಸಿಕ್ಕ ಪೊಲೀಸಿನವನಿಗೆ ಹೊಡೆಯುವುದಿಲ್ಲ, ಸಂಬಳ ಕೊಡುವ ಯಜಮಾನನಿಗೆ ಹೊಡೆಯುವುದಿಲ್ಲ. ನೆಟ್ಟಗೆ ಮನೆಗೆ ಬಂದು ಹೆಂಡತಿಗೇ ಹೊಡೆಯುತ್ತಾನೆ. ಯಾರಿಗೆ ಹೊಡೆದರೆ ಕೇಳುವವರಿಲ್ಲ ಎಂಬುದನ್ನು ಅಮಲಿನಲ್ಲೂ ಅವನು ಮರೆಯುವುದಿಲ್ಲ. ಈ ಲೆಕ್ಕಾಚಾರವನ್ನು ಅವನು ಕುಡಿತ ಕಲಿಯುವ ಮೊದಲೇ ಕಲಿತಿರುತ್ತಾನೆ.

ವರದಕ್ಷಿಣೆ ನಮ್ಮ ಸಂಪ್ರದಾಯ, ಅದನ್ನು ಬಿಡುವುದು ಹೇಗೆ ಎನ್ನುವವರಿಗೂ ಒಂದು ಮಾತು. ಹಳೇ ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಇದ್ದದ್ದು ತೆರ. ಅಂದರೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಕೊಡುತ್ತಿದ್ದರು. ಹೊಲದಲ್ಲಿ ದುಡಿಯುವ ಹೆಣ್ಣು ಮನೆ ಬಿಟ್ಟು ಹೋಗುತ್ತಾಳೆ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ತೆರವೂ ಹೆಣ್ಣಿಗೆ ಬೆಲೆ ಕಟ್ಟುವುದೇ, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಗಂಡಿಗೆ ಬೆಲೆ ಕಟ್ಟುವ ಈ ವರದಕ್ಷಿಣೆ ನಮ್ಮಲ್ಲಿ ಓದು, ನೌಕರಿ, ನಗದು ಹಣದ ಬೆನ್ನ ಹಿಂದೆ ಬಂದದ್ದು. ಇದು ಹಿಂದಿನ ಬಳುವಳಿಯಲ್ಲ, ಇತ್ತೀಚಿನ ವ್ಯವಹಾರ ಎಂದು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1980ರ ದಶಕದಲ್ಲೇ ವಿವರಿಸಿದ್ದರು. ನಡುವೆ ಬಂದದ್ದನ್ನು ನಡುವೆಯೇ ಕಳಿಸಲು ಬರುತ್ತದೆ.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನಮಗೆಲ್ಲ ಗೊತ್ತು. ಅಲ್ಲಿ ಗೂಡು ತಂದವನಿಗೆ ಹಣ ಸಿಗುತ್ತದೆ. ಮದುವೆಯ ಮಾರುಕಟ್ಟೆಯಲ್ಲಿ ಹೆಣ್ಣನ್ನೂ ಕೊಟ್ಟು, ಹಣವನ್ನೂ ಕೊಟ್ಟು, ಮೇಲೆ ಕೈಮುಗಿದೂ ನಿಲ್ಲಬೇಕು. ಬಿಡದಿ, ಹಾರೋಹಳ್ಳಿಗಳಲ್ಲಿ ಕಾರ್ಖಾನೆ ಬಂದವು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ನೆಲದ ಬೆಲೆ ಏರಿತು, ಜೊತೆಗೆ ಗಂಡಿನ ಬೆಲೆಯೂ ಏರಿತು. ಕೇಳುವ ರೀತಿ ಮಾತ್ರ ನಯವಾಗಿದೆ. "ನಮ್ಗೇನೂ ಬೇಡ ಕಣಮ್ಮ, ನಿಮ್ಮ ಮಗಳಿಗೆ ನೀವು ಏನ್ ಹಾಕ್ತೀರೋ ಹಾಕಿ. ಮದುವೆ ಒಳ್ಳೆ ಛತ್ರದಲ್ಲಿ ಮಾಡ್ಕೊಡಿ. ಹುಡುಗ ಡ್ಯೂಟಿಗೆ ದೂರ ಓಡಾಡ್ತಾನೆ, ಅವನಿಗೊಂದು ಗಾಡಿ ಆದ್ರೆ ಸಾಕು." ಇದನ್ನು ಕೇಳುವುದು ಎಂದು ಯಾರೂ ಕರೆಯುವುದಿಲ್ಲ. ಕೊಡದಿದ್ದರೆ ಏನಾಗುತ್ತದೆ ಎಂಬುದು ಮದುವೆಯಾದ ಆರನೇ ತಿಂಗಳಲ್ಲಿ ತಿಳಿಯುತ್ತದೆ.

ಒಮ್ಮೆ ರೀಲಿಂಗ್ ಘಟಕದಲ್ಲಿ ಕೆಲಸ ಮಾಡುವ ಕೆಲವು ಹುಡುಗರ ಜೊತೆ ಈ ವಿಷಯ ಎತ್ತಿದೆ. ಮೊದಲು ನಕ್ಕರು. ಆಮೇಲೆ ಒಬ್ಬ ಹೇಳಿದ: "ನಮ್ಮಕ್ಕನ ಮದುವೆಗೆ ಸಾಲ ಮಾಡಿದ್ದೀವಿ ಆಂಟಿ. ನಾನು ತಗೊಳ್ಳದಿದ್ರೆ ಆ ಸಾಲ ತೀರಿಸೋದು ಹೆಂಗೆ?" ಅವನು ಕೆಟ್ಟ ಹುಡುಗನಲ್ಲ. ಅಕ್ಕನ ಮೇಲೆ ಪ್ರೀತಿ ಇರುವವನು. ಆದರೆ ಅಕ್ಕನಿಗೆ ಬಿದ್ದ ಬರೆಯನ್ನು ಇನ್ನೊಬ್ಬರ ಮನೆಯ ಹೆಣ್ಣಿಗೆ ಹಾಕಿ ಸರಿತೂಗಿಸಲು ಹೊರಟಿದ್ದಾನೆ. ಗೆಳತಿಯರೇ, ವರದಕ್ಷಿಣೆಯ ಚಕ್ರ ತಿರುಗುವುದು ದುಷ್ಟರಿಂದ ಮಾತ್ರವಲ್ಲ, ಇಂಥ ಒಳ್ಳೆಯ ಹುಡುಗರಿಂದಲೂ ಹೌದು. ಅವನ ಪ್ರಶ್ನೆಗೆ ಉತ್ತರ ಕೊಡದೆ, ವರದಕ್ಷಿಣೆ ಪಿಡುಗು ಎಂದು ಗೋಡೆಯ ಮೇಲೆ ಬರೆದರೆ ಸುಣ್ಣ ಹಾಳು.

ಆ ಸಾಲ ಎಲ್ಲಿಂದ ಬರುತ್ತದೆ? ಇಲ್ಲೇ ನಾವು ನಮ್ಮ ಪುಸ್ತಕ ತೆರೆಯಬೇಕು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಆರಂಭಿಸಿತು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಹಸು, ಹೊಲಿಗೆ ಯಂತ್ರ, ಅಂಗಡಿ ಎಂದು ಸಾಲ ಎತ್ತುತ್ತೇವೆ. ಅದರ ಜೊತೆಗೆ ಸಾಲದ ಪುಸ್ತಕದಲ್ಲಿ 'ಮಗಳ ಮದುವೆ' ಎಂಬ ಎರಡು ಪದ ಇರುತ್ತದೆ. ಅದರಲ್ಲಿ ಊಟದ ಖರ್ಚೆಷ್ಟು, ಗಂಡಿನ ಕಡೆಯವರ ಕೈಗೆ ಹೋದದ್ದೆಷ್ಟು ಎಂದು ಯಾವ ಸಂಘ ಕೇಳುತ್ತದೆ? ಸಂಘದಲ್ಲಿ ಸಾಲದಿದ್ದರೆ ಮೈಕ್ರೋ ಫೈನಾನ್ಸ್. ವಸೂಲಿಗೆ ಬಂದವರ ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೆಣ್ಣಿನ ಬಿಡುಗಡೆಗೆಂದು ಕೂಡಿಸಿದ ಹಣ ಹೆಣ್ಣನ್ನು ಕಟ್ಟಿಹಾಕುವ ಹಗ್ಗವಾಗಬಾರದು.

"ಕೊಡದಿದ್ದರೆ ನಮ್ಮ ಹುಡುಗಿಗೆ ಗಂಡು ಸಿಗೋದಿಲ್ಲ" ಎನ್ನುತ್ತೀರಿ. ಈ ಭಯ ಸುಳ್ಳಲ್ಲ. ಆದ್ದರಿಂದಲೇ ಹೇಳುತ್ತೇನೆ, ಮೊದಲ ಕಟ್ಟುಪಾಡು ಹೆಣ್ಣು ಹೆತ್ತವರಿಗೆ ಬೇಡ. ಗಂಡು ಹೆತ್ತವರಿಗೆ ಹಾಕಿ. ಸಂಘದಲ್ಲಿ ಗಂಡುಮಕ್ಕಳ ತಾಯಂದಿರೂ ಇದ್ದಾರೆ. ಮಗಳ ಮದುವೆಯಲ್ಲಿ ಕಣ್ಣೀರು ಹಾಕಿದವಳೇ ಮಗನ ಮದುವೆಯಲ್ಲಿ ಬೀಗಿತ್ತಿಯಾಗಿ ಪಟ್ಟಿ ಓದುತ್ತಾಳೆ. "ನನ್ನ ಮಗ ತೆಗೆದುಕೊಳ್ಳುವುದಿಲ್ಲ" ಎಂದು ಹತ್ತು ತಾಯಂದಿರು ಒಂದೇ ಊರಿನಲ್ಲಿ ಹೇಳಿದ ದಿನ ಗಂಡು ಸಿಗುವುದಿಲ್ಲ ಎಂಬ ಭಯ ಅರ್ಧ ಕರಗುತ್ತದೆ.

ಇನ್ನು ಆಸ್ತಿಯ ಮಾತು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ, ಅದಕ್ಕೆ ಮೊದಲು ಮದುವೆಯಾಗಿದ್ದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ರಸ್ತೆಗೋ ಕಾರ್ಖಾನೆಗೋ ಜಮೀನು ಹೋದಾಗ ಅಕ್ಕತಂಗಿಯರಿಗೆ ಸೀರೆ ಕೊಟ್ಟು, ಊಟ ಹಾಕಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. "ನಿನಗೆ ಮದುವೆಯಲ್ಲಿ ಕೊಟ್ಟಾಯ್ತಲ್ಲ" ಎನ್ನುತ್ತಾರೆ. ಕೊಟ್ಟದ್ದು ಅವಳಿಗಲ್ಲ, ಅವಳ ಗಂಡನ ಮನೆಗೆ. ಹೊಡೆತ ತಿಂದು ತವರಿಗೆ ಬಂದವಳಿಗೆ ಕಾಲೂರಲು ಒಂದು ಕೋಣೆ ಇಲ್ಲದಂತಾಗುವುದು ಈ ಸಹಿಯಿಂದಲೇ. ಅಕ್ಕನ ಮದುವೆಯ ಸಾಲ ತೀರಿಸುವ ಚಿಂತೆಯ ಹುಡುಗನಿಗೆ ಉತ್ತರವೂ ಇಲ್ಲೇ ಇದೆ. ಮುಂದಿನವರ ಮನೆಯಲ್ಲಾದರೂ ವರದಕ್ಷಿಣೆಗೆ ಸಾಲ ಬೇಡ. ಹೆಣ್ಣಿಗೆ ಅವಳ ಪಾಲು ಅವಳ ಹೆಸರಿನಲ್ಲೇ ಇರಲಿ. ಪಾಲೇ ಇಲ್ಲದ ಕೂಲಿ ಮನೆಗಳಲ್ಲಿ ಮದುವೆ ಚಿಕ್ಕದಾಗಲಿ. ಆಗಿಹೋದ ಸಾಲವನ್ನು ಅಕ್ಕ, ತಮ್ಮ, ಅಪ್ಪ, ಅಮ್ಮ ಕೂಡಿ ದುಡಿದು ತೀರಿಸಬಹುದು. ಇನ್ನೊಬ್ಬಳ ಕೊರಳಿಗೆ ಅದನ್ನು ಕಟ್ಟಬೇಕಾಗಿಲ್ಲ.

ಹಾಗಾದರೆ ಹುಡುಗರ ಬಳಿ ಹೋಗುವುದು ಹೇಗೆ? ಯುವ ಸಬಲೀಕರಣ ಎಂಬ ಹೆಸರಿನ ಇಲಾಖೆ ಇದೆ. ಅದು ನಿಮ್ಹಾನ್ಸ್ ಜೊತೆಗೂಡಿ ಜಿಲ್ಲೆಗಳಲ್ಲಿ ಯುವ ಸ್ಪಂದನ ಎಂಬ ಸಲಹಾ ಕಾರ್ಯಕ್ರಮವನ್ನೂ ಆರಂಭಿಸಿತು. ಒಳ್ಳೆಯ ಕೆಲಸ. ಆದರೆ ಹೆಂಡತಿಗೆ ಹೊಡೆದವನು ತನಗೆ ಸಲಹೆ ಬೇಕು ಎಂದು ಕೇಂದ್ರ ಹುಡುಕಿಕೊಂಡು ಹೋಗುವುದಿಲ್ಲ. ನಾವೇ ಅವರಿರುವಲ್ಲಿಗೆ ಹೋಗಬೇಕು. ಗೂಡಿನ ಹರಾಜು ಮುಗಿದ ಮೇಲೆ, ಚನ್ನಪಟ್ಟಣದ ಬೊಂಬೆ ಮಾಡುವ ಕೇರಿಗಳಲ್ಲಿ, ಕನಕಪುರ, ಮಾಗಡಿಯ ಆಟೋ ನಿಲ್ದಾಣಗಳಲ್ಲಿ, ಕಾರ್ಖಾನೆಯ ಬಸ್ಸು ನಿಲ್ಲುವ ಕಡೆ, ಐಟಿಐಗಳಲ್ಲಿ, ಗಣೇಶನ ಪೆಂಡಾಲಿನಲ್ಲಿ. ಭಾಷಣ ಬೇಡ. ಮೂರು ಪ್ರಶ್ನೆ ಸಾಕು. ನಿನ್ನ ಅಕ್ಕನ ಮದುವೆಗೆ ಎಷ್ಟು ಸಾಲವಾಯಿತು? ನಿನ್ನಪ್ಪ ಅಮ್ಮನಿಗೆ ಹೊಡೆದಾಗ ಚಿಕ್ಕವನಾಗಿದ್ದ ನೀನು ಎಲ್ಲಿ ಅವಿತುಕೊಂಡೆ? ನಿನ್ನ ಮಗು ಎಲ್ಲಿ ಅವಿತುಕೊಳ್ಳಬೇಕು ಎಂದು ನಿನಗೆ ಆಸೆ?

ಎರಡು ಎಚ್ಚರಿಕೆ. ಹೆಣ್ಣುಮಕ್ಕಳನ್ನು ಕಾಯುತ್ತೇವೆ ಎಂದು, ಯಾವ ಹುಡುಗಿ ಯಾರ ಜೊತೆ ಮಾತಾಡಿದಳು ಎಂದು ಬೀದಿ ಕಾಯುವ ಪಡೆಗಳನ್ನು ನಾವು ಕಟ್ಟುವುದು ಬೇಡ. ಕಾಯುವವನ ಕೈಯಲ್ಲೂ ದೊಣ್ಣೆ ಇರುತ್ತದೆ. ಹೆಣ್ಣಿನ ಮಾತು ಕೇಳುವ ಹುಡುಗರು ನಮಗೆ ಬೇಕು. ಎರಡನೆಯದು, ಹುಡುಗರ ಜೊತೆ ಮಾತಾಡುವ ಕೆಲಸವನ್ನು ರಾಜಿ ಪಂಚಾಯ್ತಿಯಾಗಿಸಬೇಡಿ. 'ಅವನು ಬದಲಾಗ್ತಾನೆ, ನೀನು ಹೋಗಮ್ಮ' ಎಂದು ಪೆಟ್ಟು ತಿಂದವಳನ್ನು ಮತ್ತೆ ಅದೇ ಮನೆಗೆ ದೂಡುವ ಹಕ್ಕು ಯಾವ ಸಂಘಕ್ಕೂ ಇಲ್ಲ. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ಸುಟ್ಟುಹೋದ ಹೆಂಗಸರ ಬೆನ್ನಿಗೆ ನಿಂತು ಈ ಸಾವುಗಳನ್ನು ಬಯಲಿಗೆಳೆದರು. ಸ್ಟೌ ಸಿಡಿದು ಸತ್ತಳು ಎಂದು ಬರೆದು ಮುಗಿಸುತ್ತಿದ್ದ ಕಾಲ ಅದು. ಸೊಸೆ ಎದುರಿಗಿದ್ದಾಗಲೇ ಸ್ಟೌ ಏಕೆ ಸಿಡಿಯುತ್ತದೆ ಎಂದು ಕೇಳಬೇಕಾದ್ದು ಅವಳು ಸತ್ತ ಮೇಲಲ್ಲ. ಅವಳು ಎರಡು ಸಲ ತವರಿಗೆ ಬಂದು ಎರಡು ಸಲ ವಾಪಸ್ಸು ಹೋಗುವಾಗಲೇ ಕೇಳಬೇಕು.

ಕಾನೂನಿನ ಹೆಸರು ಬದಲಾಗಿದೆ, ಗೊಂದಲ ಬೇಡ. 2024ರ ಜುಲೈ 1ರಿಂದ ಹಳೆಯ 498ಎ ಕಲಮಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86, ವರದಕ್ಷಿಣೆ ಸಾವಿನ 304ಬಿ ಜಾಗದಲ್ಲಿ 80ನೇ ಕಲಮು ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹಾಗೇ ಇದೆ. ಕೊಡುವುದೂ ಅಪರಾಧ, ಆದರೆ ತೊಂದರೆಗೊಳಗಾದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಕೇಸು ಹಾಕುವಂತಿಲ್ಲ ಎಂದು ಅದರಲ್ಲೇ ಬರೆದಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಹೆಣ್ಣಿಗೆ ಆ ಮನೆಯಲ್ಲೇ ವಾಸಿಸುವ ಹಕ್ಕಿದೆ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ದೂರು ಕೊಡಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಈ ಸಂಖ್ಯೆಗಳನ್ನು ಪಾಸ್‌ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ.

ಕಾನೂನು ಬಿದ್ದ ಹೊಡೆತದ ಹಿಂದೆ ಬರುತ್ತದೆ. ಎತ್ತಿದ ಕೈಯನ್ನು ಮೊದಲೇ ಇಳಿಸುವ ಕೆಲಸ ನಮ್ಮದು. ಮುಂದಿನ ಸಭೆಯಲ್ಲಿ ಉಳಿತಾಯದ ಹಣ ಎಣಿಸುವ ಮೊದಲು ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ವರದಕ್ಷಿಣೆಗೆ ಸಂಘದ ಸಾಲವಿಲ್ಲ. ಮಗನ ಮದುವೆಗೆ ವರದಕ್ಷಿಣೆ ತೆಗೆದುಕೊಂಡವರಿಗೆ ಸಂಘದಲ್ಲಿ ಪ್ರತಿನಿಧಿಯ ಸ್ಥಾನವಿಲ್ಲ. ಸೋದರಿಯ ಪಾಲಿಗೆ ಒತ್ತಾಯದ ಸಹಿಯಿಲ್ಲ. ತಿಂಗಳಿಗೊಂದು ಸಲ ಊರಿನ ಹುಡುಗರ ಜೊತೆ ಸಭೆ. ಬರೆದ ಮೇಲೆ ಎಲ್ಲರೂ ಸಹಿ ಹಾಕಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಮೊದಲ ಸಹಿ ಗಂಡುಮಕ್ಕಳ ತಾಯಂದಿರದ್ದಾಗಲಿ.