ನಿದ್ದೆಗೆಟ್ಟವನ ನೆನಪು

ಮೊನ್ನೆ ತಾಯಿಯೊಬ್ಬರು ದ್ವಿತೀಯ ಪಿಯುಸಿ ಓದುವ ಮಗನನ್ನು ಕರೆದುಕೊಂಡು ಬಂದಿದ್ದರು. "ಡಾಕ್ಟ್ರೇ, ಇವನ ಜ್ಞಾಪಕಶಕ್ತಿಗೆ ಏನಾದರೂ ಟಾನಿಕ್ ಬರೆದುಕೊಡಿ. ರಾತ್ರಿ ಓದಿದ್ದು ಬೆಳಿಗ್ಗೆ ತಲೆಯಲ್ಲಿ ಇರೋದೇ ಇಲ್ಲ" ಎಂದರು. ಹುಡುಗನನ್ನು ವಿಚಾರಿಸಿದೆ. ಹತ್ತೂವರೆಗೆ ಮಲಗಿದರೂ ಒಂದು ಗಂಟೆಯವರೆಗೆ ನಿದ್ದೆ ಹತ್ತುವುದಿಲ್ಲ. ನಾಲ್ಕೂವರೆಗೆ ಅಪ್ಪ ಎಬ್ಬಿಸುತ್ತಾರೆ. ದೀಪಾವಳಿಯಿಂದ ಶಿವರಾತ್ರಿಯವರೆಗೂ ಇದೇ ಕಥೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದೆ, ಅದರಿಂದ ಹಗಲಿನ ಕೆಲಸವೂ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತೇವೆ. ಈ ಹುಡುಗನಿಗೆ ಮರೆವಿನ ರೋಗವಿರಲಿಲ್ಲ, ಇದ್ದದ್ದು ಇದು.

ಓದಿದ್ದು ಮಿದುಳಿನಲ್ಲಿ ಒಮ್ಮೆಗೇ ಅಚ್ಚಾಗುವುದಿಲ್ಲ. ಹೊಸ ವಿಷಯ ನೆಲೆಯೂರಲು ಮೊದಲು ಬೇಕಾಗುವುದು ಕಿವಿಗಳ ಮಟ್ಟದಲ್ಲಿ, ಮಿದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗ. ನೋಡಲು ಕಡಲಕುದುರೆಯಂತಿರುವುದರಿಂದ ಅದಕ್ಕೆ ಆ ಹೆಸರು. ಗಾಢ ನಿದ್ರೆಯಲ್ಲಿ ಅದು ಹಗಲಿನ ಪಾಠವನ್ನು ಮತ್ತೆ ಮತ್ತೆ ಮೆಲುಕು ಹಾಕಿ, ಮಿದುಳಿನ ಹೊರಪದರದಲ್ಲಿ ಭದ್ರವಾಗಲು ನೆರವಾಗುತ್ತದೆ. ಹಸು ಮೇಯುವುದು ಬಯಲಿನಲ್ಲಿ, ಮೆಲುಕು ಹಾಕುವುದು ಕೊಟ್ಟಿಗೆಯಲ್ಲಿ ಎಂದು ಹುಡುಗನಿಗೆ ಹೇಳಿದೆ, ನಕ್ಕ. ಗಾಢ ನಿದ್ರೆ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ರೆ ಬೆಳಗಿನ ಜಾವಕ್ಕೆ ಹೆಚ್ಚು. ಒಂದು ಗಂಟೆಗೆ ಮಲಗಿ ನಾಲ್ಕೂವರೆಗೆ ಏಳುವವನಿಗೆ ಈ ಎರಡನೆಯದು ಬಹುಪಾಲು ಸಿಗುವುದೇ ಇಲ್ಲ.

ಇದು ಇಂದಿನ ಸಂಗತಿಯಲ್ಲ. 1924ರಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಎಂಟು ಗಂಟೆ ಎಚ್ಚರವಿದ್ದ ದಿನ ಅವರಿಗೆ ನೆನಪಿದ್ದದ್ದು ಹೆಚ್ಚುಕಡಿಮೆ ಒಂದು. ಮಲಗಿ ಎದ್ದಾಗ ಅರ್ಧದಷ್ಟು.

1963ರ ಡಿಸೆಂಬರಿನಲ್ಲಿ ಸ್ಯಾನ್ ಡಿಯಾಗೊದ 17 ವರ್ಷದ ರ್‍ಯಾಂಡಿ ಗಾರ್ಡ್ನರ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು 264 ಗಂಟೆ ನಿದ್ದೆ ಬಿಟ್ಟ. ಹನ್ನೊಂದನೆಯ ದಿನ, ನೂರರಿಂದ ಏಳೇಳು ಕಳೆಯುತ್ತಾ ಬಾ ಎಂದರೆ 65ಕ್ಕೆ ನಿಂತುಬಿಟ್ಟ. ಯಾಕಪ್ಪಾ ಎಂದರೆ, ಏನು ಮಾಡುತ್ತಿದ್ದೆ ಎಂಬುದೇ ಮರೆತುಹೋಗಿತ್ತು. (ಯಾರೂ ಇದನ್ನು ಪರೀಕ್ಷಿಸಿ ನೋಡಬೇಡಿ. ಮುಂದೆ ವಯಸ್ಸಾದ ಮೇಲೆ ಆತನೇ ನಿದ್ದೆ ಬಾರದೆ ಒದ್ದಾಡಿದ.)

ಅದು ಹಟ ಹಿಡಿದು ಎಚ್ಚರವಿದ್ದವನ ಕಥೆ. ನಿದ್ರಾಹೀನತೆ ಇಷ್ಟು ನಾಟಕೀಯವಲ್ಲ, ನಿಧಾನವಾಗಿ ಕೊರೆಯುತ್ತದೆ. ಲೆಕ್ಕದ ನಡುವಿನ ಹಂತವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ, ಏಕಾಗ್ರತೆ, ನಿನ್ನೆ ಓದಿದ್ದನ್ನು ಹುಡುಕಿ ತೆಗೆಯುವ ಶಕ್ತಿ ತುಸು ತುಸುವೇ ಕುಗ್ಗುತ್ತವೆ. ಹುಡುಗ ತಾನು ದಡ್ಡ ಎಂದುಕೊಳ್ಳುತ್ತಾನೆ. ಆ ಚಿಂತೆ ಮಾರನೆಯ ರಾತ್ರಿಯ ನಿದ್ದೆಯನ್ನೂ ನುಂಗುತ್ತದೆ.

"ಅತ್ತೆಯವರ ನಿದ್ದೆ ಮಾತ್ರೆ ಅರ್ಧ ಕೊಟ್ಟಿದ್ದೆ" ಎಂದು ಆ ತಾಯಿ ಮೆಲ್ಲಗೆ ಹೇಳಿದರು. ನನಗೆ ಸಿಟ್ಟು ಬಂದದ್ದು ನಿಜ. ಇಂಥ ಮಾತ್ರೆಗಳಲ್ಲಿ ಹಲವು ನೆನಪಿನ ಶಕ್ತಿಯನ್ನೇ ಮಬ್ಬಾಗಿಸುತ್ತವೆ. ವೈದ್ಯರು ಬರೆಯದೆ ಯಾವ ಮಕ್ಕಳಿಗೂ ಕೊಡಬೇಡಿ.

ಹುಡುಗನಿಗೆ ಹೇಳಿದ್ದಿಷ್ಟು: ನಾಲ್ಕು ಗಂಟೆಯ ಕಾಫಿಯೇ ದಿನದ ಕೊನೆಯದು, ಕೆಫೀನಿನ ಅರ್ಧ ಪಾಲು ಕರಗಲೇ ಐದಾರು ಗಂಟೆ ಬೇಕು. ಹಾಸಿಗೆಯಲ್ಲಿ ಪುಸ್ತಕವೂ ಬೇಡ, ಮೊಬೈಲೂ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತಿದ್ದು, ತೂಕಡಿಕೆ ಬಂದ ಮೇಲೆ ಮಲಗು. ಗಡಿಯಾರ ನೋಡುತ್ತಾ ಹೊರಳಬೇಡ. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಮಾತ್ರ ಒಂದೇ ಇರಲಿ, ಭಾನುವಾರವೂ. ಒಂದೆರಡು ವಾರ ಹೀಗೆ ಮಾಡಿಯೂ ಸರಿಹೋಗದಿದ್ದರೆ ಮತ್ತೆ ಬಾ.

ತಾಯಿಯ ಪ್ರಶ್ನೆ ಅಲ್ಲಿಗೆ ಬಂತು. "ಹಾಗಾದರೆ ಎಷ್ಟು ಗಂಟೆಗೆ ಎಬ್ಬಿಸಲಿ?" ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತುಸು ತಡವಾಗಿ ನಡೆಯುವುದರಿಂದ ನಿದ್ದೆ ಬರುವುದೂ ತಡ. ಆರೂವರೆಗೆ ಎಂದೆ.

"ಅವರಪ್ಪ ಬ್ರಾಹ್ಮೀ ಮುಹೂರ್ತ ಅಂತಾರೆ…" ಎಂದು ರಾಗ ಎಳೆದರು. ಅವರನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದಿದ್ದೇನೆ.